ಕನ್ನಡದ ನಂಟು: ರೆವರೆಂಡ್ ಕಿಟ್ಟೆಲರ ಜೀವನ

ಮನುಷ್ಯನ ಬಾಳಿಗೆ ಅರ್ಥವೆಂಬುದು ಎಲ್ಲಿಂದ ಒದಗುತ್ತದೆ ಎಂಬ ಪ್ರಶ್ನೆಗೆ ಹಿರಿಯರು ಬಗೆಬಗೆಯ ಉತ್ತರಗಳನ್ನು ಹೇಳಿರುವರು. ಕೆಲವರು ಅದನ್ನು ಸಂಪತ್ತಿನಲ್ಲಿ ಅರಸುತ್ತಾರೆ, ಕೆಲವರು ಕೀರ್ತಿಯಲ್ಲಿ, ಮತ್ತೆ ಕೆಲವರು ಜನಸಂಗವನ್ನು ತೊರೆದು ಏಕಾಂತದಲ್ಲಿ. ಆದರೆ ಸುತ್ತಲಿನ ಜನರೊಡನೆ ನಂಟು ಬೆಸೆದುಕೊಂಡು, ಆ ನಂಟಿನಲ್ಲಿಯೇ ತಮ್ಮ ಬಾಳಿನ ಅರ್ಥವನ್ನು ಕಂಡುಕೊಂಡ ಜೀವಗಳೂ ಉಂಟು. ಅಂಥ ಒಂದು ಜೀವದ ವೃತ್ತಾಂತವನ್ನು ಈ ರಾಜ್ಯೋತ್ಸವದ ಶುಭ ಸಂದರ್ಭದಲ್ಲಿ ನಮ್ಮ ಸಂಘದ ಬಂಧುಗಳ ಮುಂದಿಡುವುದು ಉಚಿತವೆಂದು ನನಗೆ ತೋರಿತು. ಆತನು ಕನ್ನಡ ನಾಡಿನಲ್ಲಿ ಹುಟ್ಟಿದವನಲ್ಲ. ಕನ್ನಡ ಆತನ ತಾಯಿನುಡಿಯೂ ಆಗಿರಲಿಲ್ಲ. ಆತನ ದೇಹ ಮಣ್ಣಾದುದೂ ಕನ್ನಡದ ನೆಲದಲ್ಲಲ್ಲ. ಆದರೂ ಕನ್ನಡವೆಂಬ ಮಾತು ಇರುವವರೆಗೆ ಆತನ ಹೆಸರೂ ಇರುತ್ತದೆ.

ಕಿಟ್ಟೆಲರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಕಿಟ್ಟೆಲ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಒಂದು ದಪ್ಪ ಪುಸ್ತಕ. ಹಳೆಯ ಕಾವ್ಯದಲ್ಲಿ ಒಂದು ಪದ ತೊಡಕಾದರೆ ಕಿಟ್ಟೆಲನ್ನು ತೆಗೆದು ನೋಡಬೇಕೆನ್ನುವುದು ವಿದ್ವಾಂಸರ ವಾಡಿಕೆ. ಹೀಗೆ ಪುಸ್ತಕವು ಮನುಷ್ಯನ ಹೆಸರನ್ನೇ ತನ್ನ ಹೆಸರಾಗಿ ಮಾಡಿಕೊಂಡಿತು. ಮನುಷ್ಯನು ಅದರ ಹಿಂದೆ ಮರೆಯಾದನು. ಆತನು ಯಾರು, ಎಲ್ಲಿಂದ ಬಂದನು, ಎಷ್ಟು ನೋವು ನುಂಗಿ ಈ ಕೆಲಸವನ್ನು ಮಾಡಿದನು ಎಂಬುದನ್ನು ತಿಳಿದರೆ ಆ ಪುಸ್ತಕದ ಮೇಲಣ ನಮ್ಮ ಗೌರವ ಇಮ್ಮಡಿಯಾಗದೆ ಇರದು.

ಫರ್ಡಿನೆಂಡ್ ಕಿಟ್ಟೆಲರು ಹುಟ್ಟಿದುದು 1832ರಲ್ಲಿ. ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ಅಂಚಿಗೆ, ಪೂರ್ವ ಫ್ರೀಸ್‌ಲೆಂಡ್ ಎಂಬ ಸೀಮೆಯಿದೆ. ಗುಡ್ಡವಿಲ್ಲದ ಬಯಲು, ಬೀಸುವ ಕಡಲ ಗಾಳಿ, ದನಗಳು ಮೇಯುವ ಹುಲ್ಲುಗಾವಲು ಇವೇ ಆ ಸೀಮೆಯ ಲಕ್ಷಣ. ಅಲ್ಲಿಯ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರು ಇವರ ಜನ್ಮಸ್ಥಳ. ತಂದೆ ಆ ಕಡೆಯ ಪಾದ್ರಿಗಳು. ಹುಡುಗನಿಗೆ ಎಳವೆಯಿಂದಲೂ ಭಾಷೆಗಳಲ್ಲಿ ಬಲು ಆಸಕ್ತಿ. ಲ್ಯಾಟಿನ್, ಗ್ರೀಕ್, ಹೀಬ್ರೂ ಎಂಬ ಮೂರು ಪ್ರಾಚೀನ ಭಾಷೆಗಳನ್ನೂ ಫ್ರೆಂಚ್, ಇಂಗ್ಲಿಷ್ ಎಂಬ ಆಧುನಿಕ ಭಾಷೆಗಳನ್ನೂ ವಿದ್ಯಾರ್ಥಿ ದೆಸೆಯಲ್ಲಿಯೇ ಅಭ್ಯಾಸ ಮಾಡಿದ್ದರು. ಹದಿನೆಂಟನೆಯ ವಯಸ್ಸಿನಲ್ಲಿ, ಎಂದರೆ 1850ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಸಂಸ್ಥೆಯನ್ನು ಸೇರಿದರು.

ಈ ಬಾಸೆಲ್ ಮಿಷನ್ 1815ರಲ್ಲಿ ಸ್ಥಾಪಿತವಾದುದು. ಅದರ ಜನ ಮೊದಲಬಾರಿಗೆ ಮಂಗಳೂರಿಗೆ ಬಂದಿಳಿದುದು 1834ರಲ್ಲಿ. ಮತಪ್ರಚಾರವೇ ಅವರ ಮುಖ್ಯೋದ್ದೇಶವಾಗಿದ್ದರೂ ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆ ಮುಂತಾದುವು ಅವರ ಕೈಯಿಂದ ನಮ್ಮ ಕರಾವಳಿಗೆ ಬಂದುವು. ಮಂಗಳೂರಿನಲ್ಲಿ ಅವರ ಅಚ್ಚುಕೂಟ ಆರಂಭವಾದುದು 1841ರಲ್ಲಿ. ಅದಕ್ಕೆ ಬೇಕಾದ ಕಲ್ಲಚ್ಚಿನ ಸಾಮಗ್ರಿ ಹೋದುದು ಈಗ ನಾವು ನೆಲೆಸಿರುವ ಈ ಮುಂಬಯಿಯಿಂದಲೇ ಎಂಬುದು ನಮಗೆ ಸಂತೋಷದ ಸಂಗತಿ. ಆ ಕಲ್ಲಚ್ಚಿನಿಂದಲೇ 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗರ ಸಂಪಾದಕತ್ವದಲ್ಲಿ ಮಂಗಳೂರ ಸಮಾಚಾರ ಎಂಬ, ಕನ್ನಡದ ಮೊತ್ತಮೊದಲ ಪತ್ರಿಕೆ ಹೊರಬಿದ್ದಿತು. ಮೊಗ್ಲಿಂಗರು ನಮ್ಮ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ತಾಳೆಗರಿಯಿಂದ ಅಚ್ಚಿಗೆ ತಂದ ಮಹನೀಯರು. ಕಿಟ್ಟೆಲರಿಗೆ ದಾರಿ ತೋರಿದ ಹಿರಿಯಣ್ಣನೆಂದು ಅವರನ್ನು ಕರೆಯಬಹುದು.

ಕಿಟ್ಟೆಲರು ಭಾರತಕ್ಕೆ ಬಂದುದು 1853ರಲ್ಲಿ. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಅಂದಿನ ಪ್ರಯಾಣ ಇಂದಿನಂತೆ ಒಂದು ರಾತ್ರಿಯ ಮಾತಲ್ಲ. ಮನೆಯಿಂದ ಹೊರಟವನು ಮತ್ತೆ ತಂದೆತಾಯಿಗಳ ಮುಖ ನೋಡುವನೋ ಇಲ್ಲವೋ ಹೇಳಬರುತ್ತಿರಲಿಲ್ಲ. ಕಾಗದ ಬಂದು ಸೇರಬೇಕಾದರೆ ತಿಂಗಳುಗಳೇ ಬೇಕು. ಇಪ್ಪತ್ತೊಂದರ ಹರೆಯದಲ್ಲಿ ಸೂಟ್‌ಕೇಸ್ ಹಿಡಿದು ವಿಕ್ಟೋರಿಯಾ ಟರ್ಮಿನಸ್ಸಿನಲ್ಲಿಯೋ ದಾದರಿನಲ್ಲಿಯೋ ಇಳಿದ ನಮ್ಮ ಹಿರಿಯರು, ಮಾತು ತಿಳಿಯದ ಊರಿನ ಮೊದಲ ಸಂಜೆ ಹೇಗಿರುತ್ತದೆಂಬುದನ್ನು ಬಲ್ಲರು. ಅದನ್ನು ನೂರು ಪಾಲು ಹೆಚ್ಚಿಸಿಕೊಂಡರೆ ಆ ತರುಣನ ಸ್ಥಿತಿ ನಮ್ಮ ಊಹೆಗೆ ನಿಲುಕೀತು.

ಬಂದವರು ಧಾರವಾಡ, ಹುಬ್ಬಳ್ಳಿಗಳ ಕಡೆಗೆ ನಿಯುಕ್ತರಾದರು. ಅಲ್ಲಿಯೇ ಅವರ ಸ್ವಭಾವ ಬೆಳಕಿಗೆ ಬಂದುದು. ಅಂದಿನ ಬಿಳಿಯರ ರೀತಿಯೆಂದರೆ ಬಂಗಲೆಯಲ್ಲಿ ವಾಸ, ಕುದುರೆಯ ಮೇಲೆ ಸವಾರಿ, ದುಭಾಷಿಯ ಮೂಲಕ ಜನರೊಡನೆ ವ್ಯವಹಾರ. ಕಿಟ್ಟೆಲರಿಗೆ ಇದು ಹಿಡಿಸಲಿಲ್ಲ. ಭಾರತೀಯರ ನಡುವೆ ತಾನೂ ಒಬ್ಬ ಭಾರತೀಯನಾಗಿಯೇ ಇರಬೇಕೆಂಬುದು ಅವರ ಸಂಕಲ್ಪ. ಆದುದರಿಂದ ಕಾಲ್ನಡಿಗೆಯಲ್ಲಿ ಹಳ್ಳಿಗಳನ್ನು ಸುತ್ತುವುದು, ಜನರ ನಡುವೆ ಕುಳಿತು ಅವರ ಮಾತನ್ನು ಕಿವಿಗೊಟ್ಟು ಕೇಳುವುದು, ಪಂಡಿತರಿಂದ ಹಳೆಯ ಕಾವ್ಯಗಳ ಪಾಠ ಹೇಳಿಸಿಕೊಳ್ಳುವುದು, ಇದೇ ಅವರ ಕಾಯಕವಾಯಿತು. ಉಪದೇಶ ಮಾಡಲು ಬಂದವರು ಮೊದಲು ಶಿಷ್ಯರಾಗಿ ಕುಳಿತರು.

ಇದರ ಫಲವಾಗಿ ಅವರಿಗೆ ದೊರೆತುದು ಹೊಗಳಿಕೆಯಲ್ಲ. ಜೊತೆಯವರಿಗೆ ಅವರ ನಡವಳಿಕೆ ವಿಚಿತ್ರವಾಗಿ ಕಂಡಿತು. ದೂರದ ಬಾಸೆಲಿನಲ್ಲಿ ಕುಳಿತ ಮೇಲಧಿಕಾರಿಗಳು ಅಸಮಾಧಾನಗೊಂಡರು. ಕನ್ನಡ ಸೀಮೆಯಲ್ಲಿ ದುಡಿಯುವ ಪಾದ್ರಿಗಳ ಪಂಕ್ತಿಯಲ್ಲಿ ಕಿಟ್ಟೆಲನದು ಕಡೆಯ ಸ್ಥಾನವೆಂಬ ಅಭಿಪ್ರಾಯ ಅವರದಾಯಿತು. ಜನರನ್ನು ತಿಳಿಯುವುದಕ್ಕಾಗಿ ಇಷ್ಟು ಕಾಲ ಕಳೆಯುವುದು ಅವರ ಲೆಕ್ಕದಲ್ಲಿ ವ್ಯರ್ಥ ವೆಚ್ಚ. ಧಾರವಾಡದ ಕಡೆಯಿಂದ ಅವರನ್ನು ಎಬ್ಬಿಸಿ ನೀಲಗಿರಿಯ ಬೆಟ್ಟಕ್ಕೆ ಕಳುಹಿಸಲಾಯಿತು. ಪ್ರೀತಿಯಿಂದ ಹಿಡಿದ ಕೆಲಸಕ್ಕೆ ತನ್ನವರಿಂದಲೇ ಇಂಥ ಮನ್ನಣೆ ದೊರೆತಾಗ ಮನುಷ್ಯನು ಎರಡು ದಾರಿ ಹಿಡಿಯಬಹುದು: ಒಂದೋ ಹೇಳಿದಷ್ಟನ್ನು ಮಾಡಿ ತಲೆ ತಗ್ಗಿಸಿಕೊಂಡಿರುವುದು, ಇಲ್ಲವೇ ಸಿಟ್ಟಿನಿಂದ ಎಲ್ಲವನ್ನೂ ಬಿಟ್ಟು ಊರಿಗೆ ಹೊರಡುವುದು. ಕಿಟ್ಟೆಲರು ಇವೆರಡನ್ನೂ ಹಿಡಿಯಲಿಲ್ಲ. ಸಂಸ್ಥೆಯನ್ನು ಬಿಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ.

ಮಂಗಳೂರಿಗೆ ಬಂದ ಮೇಲೆ 1862ರಲ್ಲಿ ಅವರ ಕಥಾಮಾಲೆ ಎಂಬ ಕಾವ್ಯ ಪ್ರಕಟವಾಯಿತು. ಏಸುಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡುವಂತೆ ರಚಿಸಿದ ಕೃತಿಯದು. ಇದರಲ್ಲಿ ಗಮನಿಸತಕ್ಕ ವಿಷಯವೊಂದುಂಟು. ನಮ್ಮ ಹಳ್ಳಿಗಳಲ್ಲಿ ಸಂಜೆ ಹೊತ್ತು ದೀಪದ ಬೆಳಕಿನಲ್ಲಿ ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ರಾಗವಾಗಿ ಓದುವುದು, ಅಕ್ಷರ ಬಾರದವರೂ ಸುತ್ತ ಕುಳಿತು ಕೇಳುವುದು, ಅಂದಿನ ದಿನಗಳಲ್ಲಿ ಮನೆಮಾತಾದ ವಾಡಿಕೆ. ಕನ್ನಡಿಗನ ಹೃದಯಕ್ಕೆ ದಾರಿ ಆ ಹಾಡುಗಬ್ಬದ ಮೂಲಕ ಎಂಬುದನ್ನು ಪರದೇಶದಿಂದ ಬಂದ ಮೂವತ್ತರ ತರುಣನು ಕಂಡುಕೊಂಡಿದ್ದನು. ತನ್ನ ದೇವರ ಕಥೆಯನ್ನು ಹೇಳುವುದಕ್ಕೂ ನಮ್ಮ ಧಾಟಿಯನ್ನೇ ಆತನು ಕಲಿಯಬೇಕಾಯಿತು. ಶಾಲೆಯ ಮಕ್ಕಳಿಗಾಗಿ ಹಳೆಯ ಕಾವ್ಯಗಳಿಂದ ಆಯ್ದ ಪದ್ಯಗಳ ಸಂಗ್ರಹವೊಂದನ್ನೂ ಅವರು ಸಿದ್ಧಪಡಿಸಿದರು.

ಸಂಸಾರದ ವಿಷಯದಲ್ಲಿಯೂ ವಿಧಿ ಅವರನ್ನು ಕಾಡದೆ ಬಿಡಲಿಲ್ಲ. ಪೌಲೀನ್ ಐತ್ ಎಂಬಾಕೆಯನ್ನು ಅವರು ಮದುವೆಯಾಗಿದ್ದರು. ಆಕೆ 1864ರಲ್ಲಿ, ಮದುವೆಯಾಗಿ ಕೆಲವೇ ವರ್ಷಗಳಲ್ಲಿ ತೀರಿಕೊಂಡಳು. ತಾಯಿಯಿಲ್ಲದ ಎಳೆಯ ಮಕ್ಕಳು, ಬಂಧುಬಳಗವಿಲ್ಲದ ನಾಡು. ಕೆಲವು ಕಾಲದ ಮೇಲೆ ಆಕೆಯ ತಂಗಿ ಯೂಲಿಯೇ ಅವರ ಕೈಹಿಡಿದು ಆ ಮನೆಯ ದೀಪವನ್ನು ಮತ್ತೆ ಬೆಳಗಿದಳು. ಅಂದಿನ ಮಿಷನರಿಗಳು ತಮ್ಮ ಮಕ್ಕಳನ್ನು ಎಳವೆಯಲ್ಲಿಯೇ ವಿದ್ಯಾಭ್ಯಾಸಕ್ಕಾಗಿ ಯುರೋಪಿಗೆ ಕಳುಹಿಸಿಬಿಡುವ ಪದ್ಧತಿಯಿತ್ತು. ಮನೆಯೆಂಬುದು ಅವರಿಗೆ ಎರಡು ಖಂಡಗಳಲ್ಲಿ ಹರಿದು ಹಂಚಿಹೋದ ವಸ್ತು. ಇಂಥ ನಷ್ಟಗಳ ನಡುವೆ ಮನುಷ್ಯನು ಏನನ್ನಾದರೂ ಹಿಡಿದು ನಿಲ್ಲಬೇಕು. ಕಿಟ್ಟೆಲರಿಗೆ ಅವರ ದೇವರ ಮೇಲಿನ ಭಕ್ತಿ ಒಂದು ಊರುಗೋಲು. ಕನ್ನಡದ ಕೆಲಸ ಇನ್ನೊಂದು.

ಮುಂದೆ ಅವರು ಕೊಡಗಿನ ಮಡಿಕೇರಿಯಲ್ಲಿದ್ದರು. ಆ ಮಳೆಯ ಊರಿನಲ್ಲಿ ಕುಳಿತು ಅವರು ಮಾಡಿದ ಕೆಲಸವನ್ನು ನೋಡಿದರೆ ಬೆರಗಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ ಕನ್ನಡ ವ್ಯಾಕರಣಕ್ಕೆ ಆಧಾರಗ್ರಂಥ; ಅದನ್ನು ಓಲೆಯ ಪ್ರತಿಗಳಿಂದ ಶೋಧಿಸಿ 1872ರಲ್ಲಿ ಮುದ್ರಿಸಿದರು. ನಾಗವರ್ಮನ ಛಂದೋಂಬುಧಿ ನಮ್ಮ ಛಂದಶ್ಶಾಸ್ತ್ರದ ಮೊದಲ ಗ್ರಂಥ. ಅದನ್ನು 1875ರಲ್ಲಿ ಪ್ರಕಟಿಸಿದರು. ಅದರ ಪೀಠಿಕೆಯಾಗಿ ಕನ್ನಡ ಸಾಹಿತ್ಯದ ಮೇಲೆ ಇಂಗ್ಲಿಷಿನಲ್ಲಿ ದೀರ್ಘವಾದ ಪ್ರಬಂಧವೊಂದನ್ನು ಬರೆದರು. ನಮ್ಮ ಕವಿಗಳನ್ನು ಕಾಲಕ್ರಮದಲ್ಲಿ ನಿಲ್ಲಿಸಿ ಹೊರಗಿನವರಿಗೆ ಪರಿಚಯಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಈ ಮುಂಬಯಿಯಿಂದ ಇಂಡಿಯನ್ ಆಂಟಿಕ್ವರಿ ಎಂಬ ಪ್ರಸಿದ್ಧ ಸಂಶೋಧನ ಪತ್ರಿಕೆ 1872ರಲ್ಲಿ ಆರಂಭವಾದಾಗ, ಅದರ ಮೊದಲ ಸಂಪುಟದಲ್ಲಿಯೇ ಸಂಸ್ಕೃತ ನಿಘಂಟುಗಳಲ್ಲಿ ಸೇರಿರುವ ದ್ರಾವಿಡ ಪದಗಳನ್ನು ಕುರಿತು ಕಿಟ್ಟೆಲರ ಲೇಖನ ಬಂದಿತು. ನಮ್ಮ ಭಾಷೆಗಳು ಸಂಸ್ಕೃತದಿಂದ ಪಡೆದುವೆಂಬುದು ಎಲ್ಲರೂ ಬಲ್ಲ ಮಾತು. ಸಂಸ್ಕೃತಕ್ಕೆ ಕೊಟ್ಟುದೂ ಉಂಟೆಂದು ತೋರಿಸಿದವರಲ್ಲಿ ಇವರು ಮುಂಚಿನವರು.

ಈಗ ಅವರ ಜೀವಮಾನದ ಕೃತಿಗೆ ಬರೋಣ. ಕನ್ನಡಕ್ಕೆ ಆಧುನಿಕ ರೀತಿಯ ಕೋಶ ಅದುವರೆಗೆ ಇರಲೇ ಇಲ್ಲವೆಂದಲ್ಲ. ವಿಲಿಯಂ ರೀವ್ ಎಂಬ ಪಾದ್ರಿಯ ಕನ್ನಡ-ಇಂಗ್ಲಿಷ್ ಕೋಶ ಕಿಟ್ಟೆಲರು ಹುಟ್ಟಿದ 1832ರಲ್ಲಿಯೇ ಹೊರಬಂದಿತ್ತು. ಆದರೆ ಹಳಗನ್ನಡದಿಂದ ಹಿಡಿದು ಬೀದಿಯ ಮಾತಿನವರೆಗೆ ಎಲ್ಲವನ್ನೂ ಒಳಗೊಂಡ, ಒಂದೊಂದು ಪದಕ್ಕೂ ಆಧಾರ ತೋರಿಸುವ ಕೋಶ ಇನ್ನೂ ಆಗಬೇಕಾಗಿದ್ದಿತು. ಆ ಭಾರವನ್ನು ಕಿಟ್ಟೆಲರು 1870ರ ದಶಕದಲ್ಲಿ ಹೆಗಲಿಗೇರಿಸಿಕೊಂಡರು. ಅದನ್ನು ಕೆಳಗಿಳಿಸಿದುದು 1894ರಲ್ಲಿ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು, ಭಾಷಾಶಾಸ್ತ್ರದ ಪಂಡಿತನಲ್ಲ. ಆದುದರಿಂದ ನನಗೆ ತಿಳಿದ ಲೆಕ್ಕದ ಭಾಷೆಯಲ್ಲಿಯೇ ಈ ಶ್ರಮವನ್ನು ಅಳೆದು ನೋಡಿದೆ. ಆ ಕೋಶದ ಪುಟಗಳು 1752. ಅದರಲ್ಲಿರುವ ಪದಗಳು ಸುಮಾರು 70,000. ಎಂದರೆ ಪುಟಕ್ಕೆ ನಲವತ್ತು. ಇಪ್ಪತ್ತು ವರ್ಷಗಳ ದುಡಿಮೆಯೆಂದು ಹಿಡಿದರೆ ವರ್ಷಕ್ಕೆ 3,500 ಪದ. ಭಾನುವಾರ, ಹಬ್ಬ, ಜ್ವರ, ಪ್ರಯಾಣ ಯಾವುದನ್ನೂ ಕಳೆಯದೆ ಎಣಿಸಿದರೂ ದಿನಕ್ಕೆ ಹತ್ತು ಹತ್ತಿರ. ದಿನಕ್ಕೆ ಹತ್ತೇ ಪದಗಳೇ ಎಂದು ಯಾರಾದರೂ ಹಗುರವಾಗಿ ಭಾವಿಸಿದರೆ, ಒಂದು ಪದಕ್ಕೆ ಹಿಡಿಯುವ ಕೆಲಸವೆಷ್ಟೆಂಬುದನ್ನು ನೋಡಬೇಕು.

ಮೊದಲು ಪದವು ಸಿಕ್ಕಬೇಕು. ಕಾವ್ಯಗಳಲ್ಲಿ, ವ್ಯಾಕರಣಗಳಲ್ಲಿ, ಹಳೆಯ ನಿಘಂಟುಗಳಲ್ಲಿ, ಗಾದೆಗಳಲ್ಲಿ, ಸಂತೆಯಲ್ಲಿ, ಹೊಲದಲ್ಲಿ, ಅಡಿಗೆಮನೆಯಲ್ಲಿ ಹರಡಿಕೊಂಡಿರುವ ಮಾತುಗಳನ್ನು ಆಯ್ದು ತರಬೇಕು. ಅಚ್ಚಾದ ಪುಸ್ತಕಗಳು ಆಗ ಬೆರಳೆಣಿಕೆಯಷ್ಟು; ಉಳಿದುವೆಲ್ಲ ತಾಳೆಗರಿಯಲ್ಲಿ. ಒಂದು ಗ್ರಂಥದ ಎರಡು ಪ್ರತಿಗಳು ಒಂದೇ ರೀತಿ ಇರುವುದಿಲ್ಲ. ಸಿಕ್ಕಿದ ಪದವು ಸಂಸ್ಕೃತದಿಂದ ನೇರವಾಗಿ ಬಂದ ತತ್ಸಮವೋ, ರೂಪ ಬದಲಿಸಿದ ತದ್ಭವವೋ, ಅಚ್ಚ ಕನ್ನಡದ ದೇಶ್ಯವೋ ಎಂದು ಗುರುತಿಸಬೇಕು. ದೇಶ್ಯವಾದರೆ ಅದರ ಒಡಹುಟ್ಟಿದವರು ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿ ಯಾರೆಂದು ಹುಡುಕಬೇಕು. ಎಲ್ಲೆಲ್ಲಿ ಬಳಕೆಯಾಗಿದೆಯೆಂದು ಗ್ರಂಥದ ಹೆಸರಿನೊಡನೆ ತೋರಿಸಬೇಕು. ಪದಗಳ ಬಗೆಬಗೆಯ ಅರ್ಥಗಳನ್ನು ಬಿಡಿಸಿಡಬೇಕು. ಇದನ್ನೆಲ್ಲ ಅವರು ಕನ್ನಡ ಪಂಡಿತರ ನೆರವು ಪಡೆದು ಮಾಡಿದರು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ನಾವು ದಿನವೂ ಕುಡಿಯುವ ಹಾಲು ಹಳಗನ್ನಡದಲ್ಲಿ ಪಾಲ್. ತಮಿಳರಿಗೂ ಮಲೆಯಾಳಿಗಳಿಗೂ ಅದು ಇಂದಿಗೂ ಪಾಲ್, ತೆಲುಗರಿಗೆ ಪಾಲು. ನಡುಗಾಲದಲ್ಲಿ ಕನ್ನಡದ ಪಕಾರವು ಹಕಾರವಾದುದರಿಂದ ನಮ್ಮದು ಹಾಲಾಯಿತು. ಬೇರೆಯಾಗಿ ತೋರುವ ನಾಲ್ಕು ಮನೆಗಳು ಒಂದೇ ತಾಯ ಮಕ್ಕಳದೆಂದು ಇಂಥ ಒಂದು ಚಿಕ್ಕ ಮಾತು ಸಾರಿ ಹೇಳುತ್ತದೆ. ಹಾಗೆಯೇ, ಕೆರೆಯ ಆಳವೆಂಬಲ್ಲಿಯೂ ದುಡಿಯುವ ಆಳು ಎಂಬಲ್ಲಿಯೂ ನಾವು ಈಗ ಒಂದೇ ಳಕಾರವನ್ನು ಬರೆಯುತ್ತೇವೆ. ಹಿಂದೆ ಕೆರೆಯ ಆಳಕ್ಕೆ ೞ ಎಂಬ ಬೇರೊಂದು ಅಕ್ಷರವಿದ್ದಿತು. ಬಳಕೆಯಿಂದ ಬಿಟ್ಟುಹೋದ ಆ ೞಕಾರಕ್ಕೂ, ಅದರಂತೆಯೇ ಮರೆತುಹೋದ ಱಕಾರಕ್ಕೂ ಕಿಟ್ಟೆಲರು ತಮ್ಮ ಕೋಶದಲ್ಲಿ ಸ್ಥಾನ ಕೊಟ್ಟರು. ಸತ್ತುಹೋದ ಅಕ್ಷರಗಳೊಡನೆಯೂ ನಂಟು ಕಳೆದುಕೊಳ್ಳಬಾರದೆಂಬುದು ಅವರ ನಿಲುವಾಗಿದ್ದಂತೆ ತೋರುತ್ತದೆ.

ಕೆಲಸದ ನಡುವೆ ದೇಹ ದಣಿಯಿತು. 1870ರ ದಶಕದ ಕಡೆಯಲ್ಲಿ ಅವರು ಸಂಸಾರ ಸಮೇತ ಜರ್ಮನಿಗೆ ಹಿಂದಿರುಗಿದರು. ಅನೇಕರ ಜೀವನಚರಿತ್ರೆಗಳು ಇಲ್ಲಿಗೆ ಮುಗಿಯುತ್ತವೆ: ಪರದೇಶದಲ್ಲಿ ಇಪ್ಪತ್ತೈದು ವರ್ಷ ದುಡಿದು, ತಾಯ್ನಾಡಿಗೆ ಮರಳಿ, ವಿಶ್ರಾಂತಿ. ಸಂಗ್ರಹಿಸಿದ ಕಾಗದಗಳೆಲ್ಲ ಜೊತೆಯಲ್ಲಿದ್ದುವು. ಅಲ್ಲಿಯೇ ಕುಳಿತು ಕೋಶವನ್ನು ಮುಗಿಸಬಹುದೆಂದು ಯಾರಾದರೂ ಭಾವಿಸುವರು. ಆದರೆ ಮಾತುಗಳು ಕಾಗದದ ಮೇಲಿದ್ದರೆ ಸಾಲದು. ಈ ಮಾತನ್ನು ಧಾರವಾಡದವರು ಹೀಗೆನ್ನುವರೋ ಹಾಗೆನ್ನುವರೋ, ಈ ಗಾದೆಯನ್ನು ಯಾವ ಸಂದರ್ಭದಲ್ಲಿ ಆಡುವರು ಎಂದು ಸಂಶಯ ಬಂದರೆ ಕೇಳುವುದಕ್ಕೆ ಜರ್ಮನಿಯಲ್ಲಿ ಯಾರಿದ್ದಾರೆ? ಆಡುವ ಜನರಿಲ್ಲದೆ ಮಾತಿಗೆ ಅರ್ಥವಿಲ್ಲ. ಆದುದರಿಂದ 1880ರ ದಶಕದಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಮತ್ತೆ ಹಡಗು ಹತ್ತಿದರು. ಈ ಸಲ ಬಂದುದು ಬಹುಮಟ್ಟಿಗೆ ಕೋಶಕ್ಕಾಗಿಯೇ. ಮತ್ತೂ ಕೆಲವು ವರ್ಷ ಕನ್ನಡ ನಾಡಿನಲ್ಲಿದ್ದು, ಕೇಳಿ, ತಿದ್ದಿ, ಕೂಡಿಸಿ, ಕೆಲಸವನ್ನು ಒಂದು ಹದಕ್ಕೆ ತಂದ ಮೇಲೆಯೇ ಅವರು ಕೊನೆಯ ಬಾರಿಗೆ ಈ ನೆಲವನ್ನು ಬಿಟ್ಟು ಹೋದುದು.

ಕೋಶವು ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ 1894ರಲ್ಲಿ ಹೊರಬಂದಿತು. ಆಗ ಗ್ರಂಥಕರ್ತರಿಗೆ ಅರುವತ್ತೆರಡು ವರ್ಷ. 1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಪಂಕ್ತಿಯಲ್ಲಿ ಕಡೆಯವನೆನಿಸಿಕೊಂಡವನಿಗೆ ಈ ಮಾನ ಸಂದಿತು. ಆದರೂ ಅವರು ಸುಮ್ಮನಿರಲಿಲ್ಲ. ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವೊಂದನ್ನು ಬರೆಯಲು ತೊಡಗಿದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂಬ ಮೂರು ಅವಸ್ಥೆಗಳನ್ನೂ ಅದರಲ್ಲಿ ವಿವರಿಸಿದ್ದಾರೆ. ಆ ಪುಸ್ತಕ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಕಿಟ್ಟೆಲರು ಕಾಲವಾದರು. ಕನ್ನಡ ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ, ಕನ್ನಡ ಬಲ್ಲವರು ಬಹುಶಃ ಒಬ್ಬಿಬ್ಬರೂ ಇಲ್ಲದ ಊರಿನಲ್ಲಿ, ಅವರ ಕಡೆಯ ವರ್ಷಗಳ ದುಡಿಮೆ ಕನ್ನಡಕ್ಕಾಗಿಯೇ ಸಂದಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಕಿಟ್ಟೆಲರು ಕಡೆಯವರೆಗೂ ನಿಷ್ಠಾವಂತ ಕ್ರೈಸ್ತ ಪಾದ್ರಿಗಳೇ ಆಗಿದ್ದರು. ನಮ್ಮ ಪೂಜಾಪದ್ಧತಿಗಳನ್ನು ಕುರಿತು ಅವರು ಬರೆದುದೆಲ್ಲವೂ ನಮಗೆ ಒಪ್ಪಿತವಾಗುವಂಥದಲ್ಲ. ಅವರ ಮತದ ಕೆಲಸವನ್ನು ಕುರಿತು ಬೇರೆಬೇರೆ ಅಭಿಪ್ರಾಯಗಳಿರುವುದು ಸಹಜ. ಆದರೆ ನಂಟೆಂದರೆ ತನ್ನತನವನ್ನು ಅಳಿಸಿಕೊಳ್ಳುವುದಲ್ಲವೆಂಬುದು ಅವರ ಜೀವನದಿಂದಲೇ ತಿಳಿಯುತ್ತದೆ. ಅವರು ಜರ್ಮನ್ನರಾಗಿಯೇ ಉಳಿದರು. ತಮ್ಮ ಶ್ರದ್ಧೆಯನ್ನು ಬಿಡಲಿಲ್ಲ. ಆದರೂ ತಮ್ಮ ದೇವರನ್ನು ನಂಬದ ಕವಿಗಳ ಕಾವ್ಯಗಳನ್ನು ಅಕ್ಷರಕ್ಕೆ ಅಕ್ಷರ ಓದಿ, ಶಿವಶರಣರ ಮಾತನ್ನೂ ಹರಿದಾಸರ ಮಾತನ್ನೂ ಜೈನ ಕವಿಗಳ ಮಾತನ್ನೂ ಒಂದೇ ಆದರದಿಂದ ತಮ್ಮ ಕೋಶದಲ್ಲಿ ಸೇರಿಸಿಕೊಂಡರು. ಎಷ್ಟು ಜನರನ್ನು ಅವರು ತಮ್ಮ ಮತಕ್ಕೆ ಸೇರಿಸಿದರೆಂಬ ಲೆಕ್ಕವನ್ನು ಇಂದು ಯಾರೂ ಕೇಳುವುದಿಲ್ಲ. ಕನ್ನಡಿಗರು ಅವರನ್ನು ತಮ್ಮವರಲ್ಲಿ ಸೇರಿಸಿಕೊಂಡರೆಂಬುದು ಮಾತ್ರ ಎಲ್ಲರಿಗೂ ಕಾಣುವ ಸಂಗತಿ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ನಿಂತಿದೆ. ಮದರಾಸು ವಿಶ್ವವಿದ್ಯಾನಿಲಯವು ಮರಿಯಪ್ಪ ಭಟ್ಟರಿಂದ ಆ ಕೋಶವನ್ನು ಪರಿಷ್ಕರಿಸಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ನೂರಮೂವತ್ತು ವರ್ಷಗಳ ಮೇಲೆಯೂ ಅದನ್ನು ಬಿಟ್ಟು ಕನ್ನಡದ ವಿದ್ವತ್ತು ನಡೆಯದು.

ಈ ಜೀವನದಿಂದ ಹೊರನಾಡ ಕನ್ನಡಿಗರಾದ ನಾವು ಕಲಿಯುವುದೇನು? ನಿಘಂಟಿನಲ್ಲಿ ಒಂಟಿ ಪದಕ್ಕೆ ಬೆಲೆಯಿಲ್ಲ. ಅದರ ಅರ್ಥವನ್ನು ಹೇಳಬೇಕಾದರೆ ಇತರ ಪದಗಳು ಬೇಕು. ಅದರ ಒಡಹುಟ್ಟುಗಳು ಬೇಕು. ಅದನ್ನು ಆಡಿದ ಜನ ಬೇಕು. ಮನುಷ್ಯನೂ ಅಷ್ಟೇ. ಎಪ್ಪತ್ತು ಸಾವಿರ ಪದಗಳಿಗೆ ಅರ್ಥವನ್ನು ಹುಡುಕುತ್ತ ಹೋದ ಕಿಟ್ಟೆಲರಿಗೆ ತಮ್ಮ ಬಾಳಿನ ಅರ್ಥವೂ ಆ ಹುಡುಕಾಟದಲ್ಲಿಯೇ ಕೈಗೆ ಬಂದಿತು.

ನಮ್ಮ ಬ್ಯಾಂಕಿನ ಕೌಂಟರಿಗೆ ಒಮ್ಮೆ ಕಲಬುರಗಿ ಕಡೆಯ ವಯಸ್ಸಾದ ಹೆಂಗಸೊಬ್ಬಳು ಬಂದಳು. ಕಟ್ಟಡದ ಕೆಲಸಕ್ಕೆಂದು ಸಂಸಾರದೊಡನೆ ಈ ಊರಿಗೆ ಬಂದವಳು. ಪಾಸ್‌ಬುಕ್ ಕೈಯಲ್ಲಿ ಹಿಡಿದು, ಸುತ್ತಲಿನ ಮಾತು ತಿಳಿಯದೆ, ಬಹಳ ಹೊತ್ತು ಗೋಡೆಗೆ ಒರಗಿ ನಿಂತಿದ್ದಳು. ಪಾಸ್‌ಬುಕ್ಕಿನಲ್ಲಿ ಹೆಸರು ನೋಡಿ ನಾನು ಕನ್ನಡದಲ್ಲಿ ಮಾತನಾಡಿಸಿದೆ. ಆಕೆ ಯಪ್ಪಾ ಎಂದವಳು ಹಣದ ವಿಷಯವನ್ನೇ ಮರೆತು, ಊರಿನ ಮಳೆ, ಮೊಮ್ಮಗಳ ಮದುವೆ, ಮೊಣಕಾಲಿನ ನೋವು ಎಲ್ಲವನ್ನೂ ಹೇಳಿಕೊಂಡಳು. ಹಿಂದಿನ ಸಾಲಿನವರು ಗೊಣಗಿದರು. ಪಕ್ಕದ ಕೌಂಟರಿನ ಮರಾಠಿ ಗೆಳೆಯರು ನಕ್ಕು ನನ್ನ ಸಾಲಿನ ಕೆಲವರನ್ನು ತಮ್ಮ ಕಡೆ ಕರೆದುಕೊಂಡರು. ಅಂದು ಆಕೆ ತೆಗೆದುಕೊಂಡುದು ಐನೂರು ರೂಪಾಯಿ. ಲೆಡ್ಜರಿನಲ್ಲಿ ಅಷ್ಟೇ ಬರೆದಿದೆ. ಆದರೆ ಗೋಡೆಗೆ ಒರಗಿ ನಿಂತ ಆ ಹೆಂಗಸು ಹೊರಟಾಗ ಬೇರೆಯೇ ಹೆಂಗಸಾಗಿದ್ದಳು.

ನಮ್ಮಲ್ಲಿ ಒಂದು ಭ್ರಾಂತಿಯಿದೆ. ಕನ್ನಡವನ್ನು ಉಳಿಸಿಕೊಳ್ಳಬೇಕಾದರೆ ಮರಾಠಿಗೆ ಬಾಗಿಲು ಹಾಕಬೇಕೆಂದು ಕೆಲವರು. ಈ ಊರಿನಲ್ಲಿ ಬಾಳಬೇಕಾದರೆ ಕನ್ನಡವನ್ನು ಗಂಟುಕಟ್ಟಿ ಅಟ್ಟದ ಮೇಲಿಡಬೇಕೆಂದು ಮತ್ತೆ ಕೆಲವರು. ಕಿಟ್ಟೆಲರ ಜೀವನ ಇವೆರಡಕ್ಕೂ ಉತ್ತರ. ಅವರು ಬಂದ ಊರಿನ ಮಾತನ್ನು ಪ್ರೀತಿಯಿಂದ ಕಲಿತರು. ಬಿಟ್ಟುಬಂದ ಊರಿನದನ್ನೂ ಮರೆಯಲಿಲ್ಲ. ಪಕ್ಕದ ಮನೆಯ ಮರಾಠಿ ತಾಯಿ ತೂಪ ಎನ್ನುವುದೂ ನಮ್ಮ ಮನೆಯಲ್ಲಿ ತುಪ್ಪ ಎನ್ನುವುದೂ ಒಂದೇ ಮಾತು. ಅವರ ಅಕ್ಕ, ಅಣ್ಣಗಳೂ ನಮ್ಮ ಅಕ್ಕ, ಅಣ್ಣಗಳೂ ನೆಂಟರೇ. ನಮ್ಮ ಮಕ್ಕಳು ಮರಾಠಿಯನ್ನು ಚೆನ್ನಾಗಿ ಆಡಲಿ. ಈ ಊರಿನ ಜನರ ಸುಖದುಃಖಗಳಲ್ಲಿ ಬೆರೆಯಲಿ. ಜೊತೆಗೆ ಅಜ್ಜಿಯೊಡನೆ ಫೋನಿನಲ್ಲಿ ಮಾತನಾಡುವಾಗ ತಡವರಿಸದಷ್ಟು ಕನ್ನಡವೂ ಅವರಿಗೆ ಬರಲಿ. ಅಜ್ಜಿಯ ಮಾತು ತಿಳಿಯದ ಮೊಮ್ಮಗುವಿಗೆ ಅಜ್ಜಿ ಇದ್ದೂ ಇಲ್ಲದಂತೆ. ಆ ನಷ್ಟವನ್ನು ಯಾವ ಮಾರ್ಕಿನಿಂದಲೂ ಯಾವ ಸಂಬಳದಿಂದಲೂ ತುಂಬಲಾಗದು.

ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಕಿಟ್ಟೆಲರ ದಿನಕ್ಕೆ ಹತ್ತು ಪದಗಳ ಲೆಕ್ಕ ನಮಗೆ ಭಾರವಾದರೆ ದಿನಕ್ಕೆ ಒಂದು ಪದವಿರಲಿ. ರಾತ್ರಿ ಊಟಕ್ಕೆ ಕುಳಿತಾಗ ತಾಯಿಯೋ ತಂದೆಯೋ ತಮ್ಮ ಊರಿನ ಒಂದು ಮಾತನ್ನು ಮಕ್ಕಳಿಗೆ ಹೇಳಲಿ. ಅದು ಎಲ್ಲಿಯದು, ಯಾರು ಆಡುತ್ತಿದ್ದರು, ಯಾವಾಗ ಆಡುತ್ತಿದ್ದರು ಎಂಬುದನ್ನೂ ತಿಳಿಸಲಿ. ಮಂಗಳೂರಿನವರ ಮಾತು ಒಂದು, ಧಾರವಾಡದವರದು ಇನ್ನೊಂದು, ಮೈಸೂರಿನವರದು ಮತ್ತೊಂದು. ಎಲ್ಲವೂ ಆ ದೊಡ್ಡ ಪುಸ್ತಕದಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ. ವರ್ಷದ ಕೊನೆಗೆ ಮುನ್ನೂರ ಅರುವತ್ತೈದು ಮಾತುಗಳು ಮಗುವಿನ ಹೆಸರಿನಲ್ಲಿ ಜಮೆಯಾಗುತ್ತವೆ. ಖರ್ಚು ಮಾಡಿದಷ್ಟೂ ಹೆಚ್ಚುವ ಠೇವಣಿ ಇದೊಂದೇ. ಉತ್ತರ ಸಮುದ್ರದ ದಂಡೆಯ ಹ���ಡುಗನೊಬ್ಬನು ನಮಗಾಗಿ ಕೂಡಿಟ್ಟುಹೋದ ನಿಧಿಯ ವಾರಸುದಾರರು ನಾವು. ಆ ನಿಧಿಯನ್ನು ಮಕ್ಕಳ ಕೈಗೆ ತಲುಪಿಸುವುದು ನಮ್ಮ ಮನೆಮನೆಯ ರಾಜ್ಯೋತ್ಸವವಾಗಲಿ.